ಒಂದು ಹನಿ ಇಂಧನವಿಲ್ಲದೆ ತಿರುಗಿದ ಬಾಹ್ಯಾಕಾಶ ನಿಲ್ದಾಣ: ಒಂದು ಪ್ರಕರಣ ಅಧ್ಯಯನ

2007ರ ಮಾರ್ಚ್ 3ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅರ್ಧ ಸುತ್ತು ತಿರುಗಿ ನಿಂತಿತು. ಮುಂದಿದ್ದ ಭಾಗ ಹಿಂದಾಯಿತು, ಹಿಂದಿದ್ದದ್ದು ಮುಂದಾಯಿತು. ಈ 180 ಡಿಗ್ರಿ ತಿರುವಿಗೆ ಹಿಡಿದದ್ದು 10,000 ಸೆಕೆಂಡು, ಅಂದರೆ 2 ಗಂಟೆ 47 ನಿಮಿಷ. ಖರ್ಚಾದ ಇಂಧನ ಸೊನ್ನೆ. ಅದೇ ವರ್ಷದ ಜನವರಿಯಲ್ಲಿ ಇಂಥದ್ದೇ ತಿರುವನ್ನು ಥ್ರಸ್ಟರ್ ಎಂಬ ಪುಟ್ಟ ರಾಕೆಟ್‌ಗಳನ್ನು ಉರಿಸಿ ಮಾಡಿದಾಗ ಸುಮಾರು 50 ಕಿಲೋಗ್ರಾಂ ಇಂಧನ ಹೋಗಿತ್ತು. ಅಷ್ಟು ಇಂಧನವನ್ನು ಭೂಮಿಯಿಂದ ಮೇಲಕ್ಕೆ ಹೊತ್ತೊಯ್ಯುವ ಖರ್ಚನ್ನು ಸೇರಿಸಿದರೆ, ಆ ಒಂದು ತಿರುವಿನಲ್ಲಿ ಉಳಿದದ್ದು ಸುಮಾರು 10 ಲಕ್ಷ ಡಾಲರ್.

ಇದಕ್ಕಾಗಿ ನಿಲ್ದಾಣಕ್ಕೆ ಹೊಸ ಯಂತ್ರವನ್ನೇನೂ ಕೂರಿಸಲಿಲ್ಲ. ಅದರ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ಮುಟ್ಟಲಿಲ್ಲ. ಬದಲಾದದ್ದು ತಿರುಗುವ ದಾರಿ ಮಾತ್ರ. ಆ ದಾರಿ ಯಾವ ಎಂಜಿನಿಯರಿನ ಅಂದಾಜಿನಿಂದಲೂ ಹುಟ್ಟಿದ್ದಲ್ಲ, ಒಂದು ಆಪ್ಟಿಮೈಸೇಶನ್ ಸಮಸ್ಯೆಯ, ಅಂದರೆ ಷರತ್ತುಗಳೊಳಗೆ ಅತ್ಯುತ್ತಮ ಆಯ್ಕೆ ಹುಡುಕುವ ಗಣಿತದ ಸಮಸ್ಯೆಯ ಉತ್ತರವಾಗಿ ಹೊರಬಂದದ್ದು. ಈ ವಿಷಯದ ಪಾಠ ಮಾಡುವಾಗೆಲ್ಲ ನಾನು ಮೊದಲು ಎತ್ತಿಕೊಳ್ಳುವ ಪ್ರಕರಣ ಇದು. ಗಣಿತ ಇಲ್ಲಿ ಏನು ಮಾಡಿತು ಎನ್ನುವುದಕ್ಕಿಂತ ಅದನ್ನು ಏನು ಕೇಳಲಾಯಿತು ಎನ್ನುವುದೇ ನನ್ನನ್ನು ಹೆಚ್ಚು ಹಿಡಿದಿಟ್ಟಿದೆ.

ನಾಲ್ಕು ಬುಗುರಿಗಳು

ಭೂಮಿಯನ್ನು ಸುಮಾರು 92 ನಿಮಿಷಕ್ಕೊಮ್ಮೆ ಸುತ್ತುವ ನಿಲ್ದಾಣ ಒಮ್ಮೊಮ್ಮೆ ತನ್ನ ಭಂಗಿ ಬದಲಿಸಬೇಕಾಗುತ್ತದೆ. ಸೌರಫಲಕಗಳಿಗೆ ಬಿಸಿಲು ಬೀಳುವ ಕೋನ ಬದಲಾಗುತ್ತದೆ. ಬರುವ ನೌಕೆ ಜೋಡಣೆಯಾಗಲು ಒಂದು ನಿರ್ದಿಷ್ಟ ಭಂಗಿ ಬೇಕಾಗುತ್ತದೆ. ತಿರುಗಲು ಎರಡು ಸಾಧನಗಳಿವೆ. ಒಂದು, ರಷ್ಯಾದ ಭಾಗದಲ್ಲಿರುವ ಥ್ರಸ್ಟರ್‌ಗಳು. ಇವು ಅನಿಲವನ್ನು ಉಗುಳಿ ಒದೆತ ಕೊಡುತ್ತವೆ. ಇನ್ನೊಂದು, ಕಂಟ್ರೋಲ್ ಮೊಮೆಂಟ್ ಗೈರೊ ಎಂಬ ನಾಲ್ಕು ದೊಡ್ಡ ಬುಗುರಿಗಳು. ಒಂದೊಂದರಲ್ಲೂ ಸುಮಾರು 100 ಕಿಲೋಗ್ರಾಂ ತೂಕದ ಚಕ್ರ ನಿಮಿಷಕ್ಕೆ 6,600 ಸುತ್ತು ತಿರುಗುತ್ತಿರುತ್ತದೆ. ತಿರುಗುವ ಬುಗುರಿಯ ಅಕ್ಷವನ್ನು ವಾಲಿಸಲು ಹೋದರೆ ಅದು ಕೈಯನ್ನು ಅಡ್ಡಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯೇ ಇಲ್ಲಿ ನಿಲ್ದಾಣವನ್ನು ತಿರುಗಿಸುವ ಟಾರ್ಕ್, ಅಂದರೆ ತಿರುಚುಬಲ. ಅಕ್ಷ ವಾಲಿಸುವ ಮೋಟಾರಿಗೆ ಬೇಕಾದದ್ದು ವಿದ್ಯುತ್ತು ಮಾತ್ರ, ಅದನ್ನು ಸೂರ್ಯನೇ ಕೊಡುತ್ತಾನೆ.

ಹಾಗಾದರೆ ಯಾವಾಗಲೂ ಗೈರೊಗಳಿಂದಲೇ ತಿರುಗಬಹುದಿತ್ತಲ್ಲ ಎಂದು ಕೇಳಬಹುದು. ತೊಡಕು ಇರುವುದು ಅವುಗಳ ಸಾಮರ್ಥ್ಯದಲ್ಲಿ. ಒಂದು ಗೈರೊ ಹಿಡಿದಿಡಬಲ್ಲ ಕೋನೀಯ ಸಂವೇಗ, ಅಂದರೆ ತಿರುಗಾಟದ ಮೊತ್ತ, ಸುಮಾರು 4,760 ನ್ಯೂಟನ್-ಮೀಟರ್-ಸೆಕೆಂಡು. ಎಲ್ಲ ಗೈರೊಗಳ ಅಕ್ಷಗಳೂ ಒಂದೇ ದಿಕ್ಕಿಗೆ ಬಂದು ನಿಂತುಬಿಟ್ಟರೆ ಆ ದಿಕ್ಕಿನಲ್ಲಿ ಕೊಡಲು ಅವುಗಳಲ್ಲಿ ಮತ್ತೇನೂ ಉಳಿದಿರುವುದಿಲ್ಲ. ಗೈರೊ ತುಂಬಿತು ಎನ್ನುತ್ತಾರೆ. ತುಂಬಿದ ಮೇಲೆ ಖಾಲಿ ಮಾಡಲು ಥ್ರಸ್ಟರ್ ಉರಿಸಲೇಬೇಕು. ಥ್ರಸ್ಟರ್ ಉರಿದರೆ ಇಂಧನ ಹೋಗುವುದಷ್ಟೇ ಅಲ್ಲ, ಅದರ ಹೊಗೆ ಸೌರಫಲಕಗಳ ಮೇಲೆ ಕೂರುತ್ತದೆ, ಉದ್ದನೆಯ ಚೌಕಟ್ಟಿಗೆ ಕುಲುಕಾಟದ ಭಾರ ಬೀಳುತ್ತದೆ.

ಈ ತಿರುವುಗಳ ಕಾಲಕ್ಕೆ ನಾಲ್ಕರಲ್ಲಿ ಒಂದು ಗೈರೊ ಕೆಲಸ ಮಾಡುತ್ತಿರಲಿಲ್ಲ. 2006ರ ಅಕ್ಟೋಬರಿನಲ್ಲಿ ಮೂರನೆಯ ಗೈರೊ ಕಂಪಿಸತೊಡಗಿದ್ದರಿಂದ ಅದನ್ನು ನಿಲ್ಲಿಸಿದ್ದರು. ಉಳಿದ ಮೂರರ ಒಟ್ಟು ಸಾಮರ್ಥ್ಯ 14,280. ಈ ಅಂಕಿ ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಸುತ್ತಲೇ ಇದೆ.

ಕಾಗದದ ಮೇಲೆ ಒಂದು ಲೆಕ್ಕ

ಸಾಲ್ವರ್, ಅಂದರೆ ಇಂಥ ಸಮಸ್ಯೆ ಬಿಡಿಸುವ ಪ್ರೋಗ್ರಾಂ, ತೆರೆಯುವ ಮೊದಲು ಕೈಯಲ್ಲೇ ಅಂದಾಜು ಲೆಕ್ಕ ಹಾಕಬೇಕು ಎಂದು ನಾನು ವಿದ್ಯಾರ್ಥಿಗಳಿಗೆ ಪಟ್ಟು ಹಿಡಿದು ಹೇಳುತ್ತೇನೆ. ಇಲ್ಲಿ ಆ ಲೆಕ್ಕವೇ ಅರ್ಧ ಕತೆ ಹೇಳಿಬಿಡುತ್ತದೆ. ಅಂಕಿಗಳು ದುಂಡಾಗಿರಲಿ: ನಿಲ್ದಾಣದ ಜಡತ್ವ, ಅಂದರೆ ತಿರುಗಿಸುವುದಕ್ಕೆ ಅದು ಒಡ್ಡುವ ಪ್ರತಿರೋಧ, ಒಂದು ಅಕ್ಷಕ್ಕೆ 2.5 ಕೋಟಿ ಕಿಲೋಗ್ರಾಂ-ಚದರ ಮೀಟರ್, ಇನ್ನೊಂದಕ್ಕೆ 3.5 ಕೋಟಿ ಎಂದಿಟ್ಟುಕೊಳ್ಳಿ. ನಿಜವಾದ ಬೆಲೆಗಳು ಪ್ರತಿ ಹೊಸ ಜೋಡಣೆಗೂ ಬದಲಾಗುತ್ತವೆ, ಆದರೆ ದರ್ಜೆ ಇದೇ.

ಮೊದಲು, ತಿರುಗುವುದಕ್ಕೇ ಎಷ್ಟು ಬೇಕು? 90 ಡಿಗ್ರಿಯನ್ನು 7,200 ಸೆಕೆಂಡಿನಲ್ಲಿ ತಿರುಗಿದರೆ ಸರಾಸರಿ ಕೋನವೇಗ ಸೆಕೆಂಡಿಗೆ 0.00022 ರೇಡಿಯನ್. ಇದನ್ನು 2.5 ಕೋಟಿಯಿಂದ ಗುಣಿಸಿದರೆ ಸುಮಾರು 5,450. ಗೈರೊಗಳ 14,280ರೊಳಗೆ ಇದು ಆರಾಮಾಗಿ ಕೂರುತ್ತದೆ. ಅಂದರೆ ತಿರುಗುವುದು ದುಬಾರಿಯಲ್ಲ.

ದುಬಾರಿಯಾದದ್ದು ಬೇರೆ. ಭೂಮಿಯ ಗುರುತ್ವ ಹತ್ತಿರದ ಭಾಗವನ್ನು ಸ್ವಲ್ಪ ಹೆಚ್ಚು, ದೂರದ ಭಾಗವನ್ನು ಸ್ವಲ್ಪ ಕಡಿಮೆ ಎಳೆಯುತ್ತದೆ. ನಿಲ್ದಾಣ ವಾಲಿಕೊಂಡಿದ್ದರೆ ಈ ವ್ಯತ್ಯಾಸ ಒಂದು ತಿರುಚುಬಲವಾಗುತ್ತದೆ. ಅದರ ಅಳತೆ: ಕಕ್ಷೆಯ ಕೋನವೇಗದ ವರ್ಗದ ಮೂರು ಪಟ್ಟು, ಗುಣಿಸು ಜಡತ್ವಗಳ ವ್ಯತ್ಯಾಸ, ಗುಣಿಸು ವಾಲಿದ ಕೋನದ ಎರಡು ಪಟ್ಟಿನ ಸೈನ್‌ನ ಅರ್ಧ. ಕಕ್ಷೆಯ ಕೋನವೇಗ ಸೆಕೆಂಡಿಗೆ 0.00114 ರೇಡಿಯನ್. ವ್ಯತ್ಯಾಸ 1 ಕೋಟಿ. 45 ಡಿಗ್ರಿ ವಾಲಿದಾಗ ಬರುವ ಟಾರ್ಕ್ ಸುಮಾರು 19.5 ನ್ಯೂಟನ್-ಮೀಟರ್. ಬೋಲ್ಟ್ ಬಿಗಿಯುವ ಸ್ಪಾನರಿನ ಮೇಲೆ ಕೈ ಹಾಕುವಷ್ಟೂ ಅಲ್ಲದ ಬಲ. ಆದರೆ ಇದು ಬಿಡುವಿಲ್ಲದೆ ಒಂದೇ ದಿಕ್ಕಿಗೆ ತಿರುಚುತ್ತ ಹೋದರೆ, 14,280ನ್ನು 19.5ರಿಂದ ಭಾಗಿಸಿ ನೋಡಿ: ಸುಮಾರು 732 ಸೆಕೆಂಡು. ಹನ್ನೆರಡು ನಿಮಿಷದಲ್ಲಿ ಮೂರು ಗೈರೊಗಳೂ ತುಂಬಿ ನಿಲ್ಲುತ್ತವೆ. ಎರಡು ಗಂಟೆಯ ತಿರುವಿನಲ್ಲಿ ಹನ್ನೆರಡೇ ನಿಮಿಷ!

ಹಿಂದೆ ಬಳಸುತ್ತಿದ್ದ ದಾರಿಯಲ್ಲಿ ಆಗುತ್ತಿದ್ದದ್ದು ಇಂಥದ್ದೇ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗಲು ಒಂದೇ ಅಕ್ಷದ ಸುತ್ತ ಒಂದೇ ತಿರುವು ಸಾಕು ಎಂದು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟ. ಕೋನದ ಲೆಕ್ಕದಲ್ಲಿ ಅದೇ ಅತಿ ಚಿಕ್ಕ ದಾರಿ. ಆ ದಾರಿಯಲ್ಲೇ ಸಾಗುತ್ತೇನೆಂದು ಹೊರಟ ನಿಲ್ದಾಣ, ಗುರುತ್ವದ ತಿರುಚಿಗೂ ಗಾಳಿಯ ತಿರುಚಿಗೂ ಪ್ರತಿ ಕ್ಷಣ ಎದುರು ನಿಂತು ಗುದ್ದಾಡಬೇಕು. ಇಂಧನ ಹೋಗುತ್ತಿದ್ದದ್ದು ಹೆಚ್ಚಾಗಿ ಈ ಗುದ್ದಾಟಕ್ಕೆ.

ಲೆಕ್ಕದ ಎರಡನೆಯ ಅರ್ಧ ನನಗೆ ಇನ್ನೂ ಇಷ್ಟ. ನಿಲ್ದಾಣ ಸದಾ ಭೂಮಿಗೆ ಒಂದೇ ಮುಖ ತೋರಿಸುತ್ತ ಸುತ್ತುತ್ತದೆ, ಹಾಗಾಗಿ ಕಕ್ಷೆಯ ಸುತ್ತಿಗೊಮ್ಮೆ ತಾನೂ ಒಂದು ಸುತ್ತು ತಿರುಗುತ್ತಿರುತ್ತದೆ. ತಿರುಗಿ ನಿಂತ ಮೇಲೆ ಆ ಸುತ್ತಿನ ಅಕ್ಷಕ್ಕೆ ಅದರ ಜಡತ್ವ 2.5 ಕೋಟಿಯಿಂದ 3.5 ಕೋಟಿಗೆ ಏರಿದ್ದರೆ, ಅದರ ಕೋನೀಯ ಸಂವೇಗವೂ ಏರಿರಬೇಕು: 1 ಕೋಟಿ ಗುಣಿಸು 0.00114, ಅಂದರೆ 11,400. ಇದು ಎಲ್ಲಿಂದ ಬರಬೇಕು? ಗೈರೊಗಳು ಕೊಡಬಲ್ಲದ್ದು ಸಾಲ ಮಾತ್ರ. ನಿಲ್ದಾಣಕ್ಕೆ ಕೊಟ್ಟಷ್ಟನ್ನು ಅವು ತಮ್ಮಲ್ಲಿ ವಿರುದ್ಧ ದಿಕ್ಕಿಗೆ ಬರೆದಿಟ್ಟುಕೊಳ್ಳುತ್ತವೆ. ನಿಲ್ದಾಣ ಮತ್ತು ಗೈರೊ ಸೇರಿದ ಒಟ್ಟು ಮೊತ್ತ ಬದಲಾಗಬೇಕಾದರೆ ಹೊರಗಿನ ಟಾರ್ಕೇ ಬೇಕು. ಥ್ರಸ್ಟರ್ ಬೇಡ ಎಂದ ಮೇಲೆ ಹೊರಗೆ ಉಳಿದಿರುವುದು ಎರಡೇ: ಗುರುತ್ವ ಮತ್ತು ಗಾಳಿ.

ಇಲ್ಲಿಗೆ ಬಂದಾಗ ಚಿತ್ರ ತಿರುವುಮುರುವಾಗುತ್ತದೆ. ಇಷ್ಟು ಹೊತ್ತು ವೈರಿಯಾಗಿದ್ದ ಗುರುತ್ವದ ತಿರುಚು ಈಗ ನಮಗಿರುವ ಮುಖ್ಯ ಆದಾಯ. 15 ಡಿಗ್ರಿ ಬೇಕಾದ ಕಡೆಗೆ ವಾಲಿಸಿದರೆ ಅದು 9.75 ನ್ಯೂಟನ್-ಮೀಟರ್ ಕೊಡುತ್ತದೆ. ಇಪ್ಪತ್ತು ನಿಮಿಷ ಹಾಗೆಯೇ ಇಟ್ಟರೆ 11,700 ಜಮೆಯಾಗುತ್ತದೆ. ಬೇಕಾಗಿದ್ದದ್ದು 11,400. ಅಂದರೆ ಬೇಕಾದಷ್ಟನ್ನೂ ಗುರುತ್ವವೇ ಕೊಡಬಲ್ಲದು. ಯಾವ ಕ್ಷಣ ಯಾವ ಕಡೆಗೆ ಎಷ್ಟು ವಾಲಬೇಕು ಎನ್ನುವುದನ್ನು ಆರಿಸಿಕೊಂಡರೆ ಸಾಕು. ಅಡ್ಡದಾರಿ ಹಿಡಿದು ತಿರುಗಿದರೆ ಕೋನ ಹೆಚ್ಚು ಕ್ರಮಿಸಬೇಕಾಗುತ್ತದೆ, ಆದರೆ ಹೋಗುವ ದಾರಿಯೇ ಗೈರೊಗಳ ಸಾಲ ತೀರಿಸುತ್ತ ಹೋಗುತ್ತದೆ.

ಇದು ಒಂದು ಅಕ್ಷದ ಲೆಕ್ಕ. ನಿಜದಲ್ಲಿ ಮೂರು ಅಕ್ಷಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಕಡೆ ವಾಲಿಸಿದರೆ ಇನ್ನೊಂದು ಕಡೆ ಬೇಡದ ತಿರುಚು ಹುಟ್ಟುತ್ತದೆ. ಆಗ ಸುಮಾರು 340 ಕಿಲೋಮೀಟರ್ ಎತ್ತರದಲ್ಲಿದ್ದ ನಿಲ್ದಾಣಕ್ಕೆ ತೆಳುಗಾಳಿಯ ಒತ್ತಡವೂ ಲೆಕ್ಕಕ್ಕೆ ಬರುವಷ್ಟಿತ್ತು, ಸೌರಫಲಕಗಳ ಕೋನ ಬದಲಾದಂತೆ ಅದೂ ಬದಲಾಗುತ್ತದೆ. ಮನುಷ್ಯನ ಅಂದಾಜು ಇಲ್ಲಿಗೆ ಕೈಚೆಲ್ಲುತ್ತದೆ.

ಪ್ರಶ್ನೆ ಬರೆದ ರೀತಿ

ಈ ಕೆಲಸದ ಹಿಂದಿದ್ದವರು ಅಮೆರಿಕದ ಡ್ರೇಪರ್ ಪ್ರಯೋಗಾಲಯದ ನಝರೆತ್ ಬೆಡ್ರೋಸಿಯನ್ ಮತ್ತು ಅವರ ತಂಡ. ಬಳಸಿದ ಗಣಿತದ ಸಲಕರಣೆ ಅಮೆರಿಕದ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್‌ನ ಮೈಕೆಲ್ ರಾಸ್ ಮತ್ತು ಫರೀಬಾ ಫಾರೂ ಬೆಳೆಸಿದ ಸ್ಯೂಡೋಸ್ಪೆಕ್ಟ್ರಲ್ ವಿಧಾನ. ಅದನ್ನು ಒಳಗೊಂಡ ಸಾಫ್ಟ್‌ವೇರ್ ಡೈಡೋ.

ಸಮಸ್ಯೆಯ ಒಡಲು ಹೀಗೆ. ಪ್ರತಿ ಕ್ಷಣಕ್ಕೆ ಬೇಕಾದ ಅಜ್ಞಾತಗಳು: ಭಂಗಿಗೆ ನಾಲ್ಕು ಸಂಖ್ಯೆಗಳ ಕ್ವಾಟರ್ನಿಯನ್, ಕೋನವೇಗಕ್ಕೆ ಮೂರು, ಗೈರೊಗಳ ಸಂವೇಗಕ್ಕೆ ಮೂರು, ಗೈರೊಗಳ ಟಾರ್ಕಿಗೆ ಮೂರು. ಇವೆಲ್ಲ ಚಲನೆಯ ನಿಯಮಗಳನ್ನು ಪಾಲಿಸಬೇಕು. ಗೈರೊಗಳ ಸಂವೇಗ ಮಿತಿಯನ್ನು ಎಂದೂ ದಾಟಬಾರದು, ಟಾರ್ಕೂ ಅಷ್ಟೇ. ಹೊರಡುವ ಭಂಗಿ ಗೊತ್ತಿದೆ, ತಲುಪಬೇಕಾದ ಭಂಗಿ ಗೊತ್ತಿದೆ. ತಲುಪಿದ ಮೇಲೆ ನಿಲ್ದಾಣ ಅಲ್ಲೇ ನೆಲೆ ನಿಲ್ಲುವಂತೆ ಕೋನವೇಗವೂ ಗೈರೊಗಳ ಸಂವೇಗವೂ ಹೊಂದಿಕೊಂಡಿರಬೇಕು. ಈ ಕೊನೆಯ ಷರತ್ತು ಮರೆತರೆ ಸಾಲ್ವರ್ ಖುಷಿಯಾಗಿ ಒಂದು ಉತ್ತರ ಕೊಡುತ್ತದೆ: ನಿಲ್ದಾಣ ಸರಿಯಾದ ಭಂಗಿಗೆ ಬಂದಿರುತ್ತದೆ, ಗೈರೊಗಳು ಅಂಚಿನವರೆಗೆ ತುಂಬಿರುತ್ತವೆ, ಮರುನಿಮಿಷವೇ ಥ್ರಸ್ಟರ್ ಉರಿಸಬೇಕಾಗುತ್ತದೆ. ನಾನು ನೋಡಿದ ಕೆಟ್ಟ ಆಪ್ಟಿಮೈಸೇಶನ್ ಉತ್ತರಗಳಲ್ಲಿ ಬಹುಪಾಲು ಇಂಥವು. ಗಣಿತ ತಪ್ಪಿರುವುದಿಲ್ಲ, ಬೇಕಾದದ್ದನ್ನು ಕೇಳಿರುವುದಿಲ್ಲ.

ಇಡೀ ಸಮಸ್ಯೆಯಲ್ಲಿ ಇಂಧನ ಎಂಬ ಪದವೇ ಇಲ್ಲ ಎನ್ನುವುದನ್ನು ಗಮನಿಸಿ. ಇಂಧನ ಉಳಿಸುವ ಕೆಲಸ ಎಂದು ಹೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಇಂಧನದ ಖರ್ಚನ್ನು ಗುರಿಯಾಗಿ ಬರೆದು, ಅದನ್ನು ಕಡಿಮೆ ಮಾಡು ಎಂದು ಸಾಲ್ವರಿಗೆ ಹೇಳುತ್ತೇವೆ. ಥ್ರಸ್ಟರ್ ಉರಿಯುವ, ಆರುವ ಸಮಯಗಳು ಅಜ್ಞಾತಗಳಾಗುತ್ತವೆ, ಸಮಸ್ಯೆ ಕ್ಲಿಷ್ಟವಾಗುತ್ತದೆ. ಇವರು ಥ್ರಸ್ಟರನ್ನು ಸಮಸ್ಯೆಯಿಂದಲೇ ಹೊರಗಿಟ್ಟರು. ಆಗ ಉಳಿಯುವ ಪ್ರಶ್ನೆ ಕಡಿಮೆ-ಹೆಚ್ಚಿನದಲ್ಲ. ಇಂಥ ದಾರಿ ಒಂದಾದರೂ ಇದೆಯೇ ಎಂಬುದು. ಇದೆ ಎಂದು ಗೊತ್ತಾದ ಮೇಲೆ, ಇರುವ ದಾರಿಗಳಲ್ಲಿ ಗೈರೊಗಳಿಗೆ ಹೆಚ್ಚು ಉಸಿರಾಡಲು ಬಿಡುವ, ನಯವಾದ ದಾರಿಯನ್ನು ಆರಿಸುವುದು. ಈ ಪ್ರಕರಣದಲ್ಲಿ ಗುರಿಗಿಂತ ನಿರ್ಬಂಧಗಳೇ ಭಾರ ಹೊತ್ತಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನಿಯರಿಂಗ್‌ನಲ್ಲಿ ಆಗಾಗ ಹೀಗೆಯೇ ಆಗುತ್ತದೆ, ಆದರೆ ಪಠ್ಯಗಳು ಗುರಿಯ ಬಗ್ಗೆಯೇ ಹೆಚ್ಚು ಮಾತಾಡುತ್ತವೆ.

ಇನ್ನೊಂದು ನಿರ್ಬಂಧ ಸಮೀಕರಣದಲ್ಲಿ ಕಾಣದು. ಮನುಷ್ಯರು ವಾಸವಿರುವ ನಿಲ್ದಾಣದ ನಿಯಂತ್ರಣ ಸಾಫ್ಟ್‌ವೇರನ್ನು ಬದಲಿಸುವುದು ಸುಲಭದ ಮಾತಲ್ಲ. ಅದಾಗಲೇ ಅಲ್ಲಿದ್ದ ನಿಯಂತ್ರಕಕ್ಕೆ ಹೇಳಿದ ಭಂಗಿಯನ್ನು ಹಿಡಿದು ನಿಲ್ಲುವುದು ಗೊತ್ತಿತ್ತು. ಆದ್ದರಿಂದ ಮೇಲಕ್ಕೆ ಕಳುಹಿಸಿದ್ದು ಟಾರ್ಕುಗಳನ್ನಲ್ಲ, ಭಂಗಿಗಳ ಒಂದು ಪಟ್ಟಿಯನ್ನು: ಇಷ್ಟು ಹೊತ್ತಿಗೆ ಈ ಭಂಗಿ, ಈ ಕೋನವೇಗ, ಮುಂದಿನ ಹೊತ್ತಿಗೆ ಮತ್ತೊಂದು. ನಿಯಂತ್ರಕ ಎಂದಿನಂತೆ ತನ್ನ ಕೆಲಸ ಮಾಡಿತು. ಅದು ಹಿಂಬಾಲಿಸಿದ ದಾರಿ ಮಾತ್ರ ಬೇರೆಯಾಗಿತ್ತು.

ಬಿಡಿಸಿದ ರೀತಿ

1950ರ ದಶಕದಲ್ಲಿ ಸೋವಿಯತ್ ಗಣಿತಜ್ಞ ಪಾಂಟ್ರ್ಯಾಗಿನ್ ಮತ್ತು ಅವರ ಜೊತೆಗಾರರು ಕೊಟ್ಟ ಗರಿಷ್ಠ ತತ್ತ್ವ ಇಂಥ ಸಮಸ್ಯೆಗಳ ಉತ್ತಮ ದಾರಿ ಹೇಗಿರಬೇಕೆಂದು ಹೇಳುತ್ತದೆ. ಆದರೆ ಅದನ್ನೇ ನೇರವಾಗಿ ಬಿಡಿಸಲು ಹೊರಟರೆ, ಒಂದು ತುದಿಯಲ್ಲಿ ಕೆಲವು ಬೆಲೆಗಳನ್ನು ಊಹಿಸಿ, ಇನ್ನೊಂದು ತುದಿಯಲ್ಲಿ ಅವು ಹೊಂದುತ್ತವೆಯೇ ಎಂದು ನೋಡಬೇಕು. ಊಹೆ ಕೂದಲೆಳೆಯಷ್ಟು ತಪ್ಪಿದರೂ ಇನ್ನೊಂದು ತುದಿ ಎಲ್ಲೋ ಹಾರಿಹೋಗುತ್ತದೆ. ಮೂರು ಅಕ್ಷಗಳ ತಿರುವು, ಮಿತಿ ಮುಟ್ಟುವ ಗೈರೊಗಳು ಸೇರಿದರೆ ಈ ದಾರಿಯಲ್ಲಿ ಹೆಜ್ಜೆ ಇಡುವುದೇ ಕಷ್ಟ.

ಇನ್ನೊಂದು ದಾರಿ, ಇಡೀ ತಿರುವನ್ನು ಕೆಲವು ಕ್ಷಣಗಳಿಗೆ ಇಳಿಸಿಬಿಡುವುದು. ಮೇಲೆ ಹೇಳಿದ ಸ್ಯೂಡೋಸ್ಪೆಕ್ಟ್ರಲ್ ವಿಧಾನ ಇದೇ. ಆ ಕ್ಷಣಗಳಲ್ಲಿನ ಬೆಲೆಗಳೇ ಅಜ್ಞಾತಗಳು. ಅವುಗಳ ಮೂಲಕ ಒಂದು ಬಹುಪದಿ ಹಾಯಿಸಿದರೆ, ಅದರ ಇಳಿಜಾರನ್ನು ಕೂಡಿಸಿ-ಗುಣಿಸಿಯೇ ತೆಗೆಯಬಹುದು. ಇದನ್ನು ಹತ್ತಿರದಿಂದ ನೋಡೋಣ. ಮೂರೇ ಬಿಂದುಗಳಿವೆ ಎಂದಿಟ್ಟುಕೊಳ್ಳಿ: -1, 0, 1. ಆ ಬಿಂದುಗಳಲ್ಲಿ ಇಳಿಜಾರು ಬೇಕೆಂದರೆ ಬೆಲೆಗಳನ್ನು ಈ ಮೂರು ಸಾಲುಗಳಿಂದ ಗುಣಿಸಬೇಕು:

-1.5, 2, -0.5
-0.5, 0, 0.5
0.5, -2, 1.5

x ವರ್ಗವನ್ನೇ ಹಾಕಿ ನೋಡಿ. ಬೆಲೆಗಳು 1, 0, 1. ಮೊದಲ ಸಾಲು: -1.5 ಮತ್ತು -0.5 ಸೇರಿ -2. ಎರಡನೆಯದು: -0.5 ಮತ್ತು 0.5 ಸೇರಿ 0. ಮೂರನೆಯದು: 0.5 ಮತ್ತು 1.5 ಸೇರಿ 2. ನಿಜವಾದ ಇಳಿಜಾರು 2x, ಅಂದರೆ -2, 0, 2. ಒಂದಿಷ್ಟೂ ವ್ಯತ್ಯಾಸವಿಲ್ಲ. ಕಲನಶಾಸ್ತ್ರದ ಸಮಸ್ಯೆ ಹೀಗೆ ಬೀಜಗಣಿತದ ಸಮಸ್ಯೆಯಾಯಿತು. ಬಿಂದುಗಳು ಐವತ್ತಾದರೆ ಅಜ್ಞಾತಗಳು ಐವತ್ತರ ಹದಿಮೂರು ಪಟ್ಟು, 650. ಚಲನೆಯ ನಿಯಮಗಳು 500 ಸಮೀಕರಣಗಳಾಗಿ ನಿಲ್ಲುತ್ತವೆ. ಇಷ್ಟು ದೊಡ್ಡ ಅರೇಖೀಯ ಸಮಸ್ಯೆಯನ್ನು ಬಿಡಿಸುವುದು ಸಾಧಾರಣ ಕಂಪ್ಯೂಟರಿಗೆ ಹೊರೆಯೇನಲ್ಲ.

ಬಿಂದುಗಳನ್ನು ಸಮ ದೂರದಲ್ಲಿ ಇಡಬಾರದು ಎನ್ನುವುದು ಇಲ್ಲಿನ ಸೂಕ್ಷ್ಮ. ಸಮ ದೂರದ ಬಿಂದುಗಳ ಮೂಲಕ ಹೆಚ್ಚು ದರ್ಜೆಯ ಬಹುಪದಿ ಹಾಯಿಸಿದರೆ ಅದು ಎರಡೂ ತುದಿಗಳಲ್ಲಿ ಹುಚ್ಚಾಗಿ ಓಲಾಡುತ್ತದೆ. ಲಜಾಂಡ್ರ್ ಬಹುಪದಿಗಳಿಂದ ಸಿಗುವ ಬಿಂದುಗಳು ನಡುವೆ ವಿರಳವಾಗಿ, ತುದಿಗಳಲ್ಲಿ ಒತ್ತೊತ್ತಾಗಿ ಕೂರುತ್ತವೆ. ತಿರುವಿನ ಆರಂಭ ಮತ್ತು ಕೊನೆಯಲ್ಲೇ ನಮಗೂ ಹೆಚ್ಚು ನಿಖರತೆ ಬೇಕು. ಎರಡೂ ಚೆನ್ನಾಗಿ ಹೊಂದಿಬಂದಿವೆ.

ಪಠ್ಯಗಳು ಒಂದು ಸಾಲಿನಲ್ಲಿ ದಾಟಿಬಿಡುವ, ಆದರೆ ಕೆಲಸಕ್ಕೆ ಇಳಿದವರ ದಿನಗಳನ್ನೇ ತಿನ್ನುವ ಸಂಗತಿ ಒಂದಿದೆ: ಅಂಕಿಗಳ ಗಾತ್ರ. ಕೋನವೇಗ ಹತ್ತು ಸಾವಿರದ ಒಂದಂಶದ ಲೆಕ್ಕದಲ್ಲಿ, ಜಡತ್ವ ಕೋಟಿಗಳಲ್ಲಿ, ಸಂವೇಗ ಸಾವಿರಗಳಲ್ಲಿ, ಕ್ವಾಟರ್ನಿಯನ್ ಒಂದರ ಒಳಗೆ. ಇವನ್ನೆಲ್ಲ ಹಾಗೆಯೇ ಒಂದೇ ಪಾತ್ರೆಗೆ ಹಾಕಿದರೆ, ಸಾಲ್ವರ್ ದೊಡ್ಡ ಸಂಖ್ಯೆಗಳ ತಪ್ಪನ್ನು ತಿದ್ದುತ್ತ ಚಿಕ್ಕವನ್ನು ಕಡೆಗಣಿಸುತ್ತದೆ. ಪ್ರತಿಯೊಂದಕ್ಕೂ ಅದರದೇ ಅಳತೆಗೋಲು ಕೊಟ್ಟು ಎಲ್ಲವನ್ನೂ ಒಂದರ ಆಸುಪಾಸಿಗೆ ತರಬೇಕು. ಉತ್ತರ ಸಿಗುತ್ತಿಲ್ಲ ಎಂದು ನನ್ನ ಬಳಿ ಬರುವ ವಿದ್ಯಾರ್ಥಿಗೆ ನಾನು ಕೇಳುವ ಮೊದಲ ಪ್ರಶ್ನೆ, ನಿನ್ನ ಅತಿ ದೊಡ್ಡ ಸಂಖ್ಯೆ ಯಾವುದು, ಅತಿ ಚಿಕ್ಕದು ಯಾವುದು.

ಎರಡನೆಯ ಪ್ರಶ್ನೆ, ಉತ್ತರ ಗೊತ್ತಿರುವ ಸಮಸ್ಯೆಯನ್ನು ಹಾಕಿ ನೋಡಿದ್ದೀಯಾ. ನಾನು ಬಳಸುವುದು ಇದನ್ನು: ನಿಂತಿರುವ ವಸ್ತುವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಸರಿಸಿ ಮತ್ತೆ ನಿಲ್ಲಿಸಬೇಕು, ವೇಗೋತ್ಕರ್ಷದ ವರ್ಗದ ಮೊತ್ತ ಕನಿಷ್ಠವಾಗಿರಬೇಕು. ಅರ್ಧ ಸಮಯ ಪೂರ್ತಿ ಒದ್ದು ಉಳಿದರ್ಧ ಪೂರ್ತಿ ತಡೆದರೆ ಮೊತ್ತ 16. ಉತ್ತಮ ದಾರಿಯಲ್ಲಿ ವೇಗೋತ್ಕರ್ಷ 6ರಿಂದ ಶುರುವಾಗಿ ನೇರಗೆರೆಯಲ್ಲಿ -6ಕ್ಕೆ ಇಳಿಯುತ್ತದೆ, ಮೊತ್ತ ಸರಿಯಾಗಿ 12. ಪ್ರೋಗ್ರಾಂ 12 ಕೊಡದಿದ್ದರೆ ನಿಲ್ದಾಣದ ಸಮಸ್ಯೆಗೆ ಕೈ ಹಾಕುವುದು ಬೇಡ.

ನಂಬಿಕೆ ಮತ್ತು ಹಾರಾಟ

ಆಪ್ಟಿಮೈಸೇಶನ್ ಕೊಟ್ಟ ಉತ್ತರ ಕೆಲವು ಬಿಂದುಗಳಲ್ಲಿ ಮಾತ್ರ ನಿಯಮ ಪಾಲಿಸಿರುತ್ತದೆ. ನಡುವೆ ಏನಾಗುತ್ತದೆ? ಸಿಕ್ಕ ಟಾರ್ಕುಗಳನ್ನು ತೆಗೆದುಕೊಂಡು, ಆರಂಭದ ಭಂಗಿಯಿಂದ ಚಲನೆಯ ಸಮೀಕರಣಗಳನ್ನು ಬೇರೊಂದು ಪ್ರೋಗ್ರಾಂನಲ್ಲಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮುಂದೂಡಿ ನೋಡಬೇಕು. ಕೊನೆಯ ಭಂಗಿ ಸಾಲ್ವರ್ ಹೇಳಿದ್ದಕ್ಕೆ ತಾಳೆಯಾದರೆ ಮಾತ್ರ ಆ ದಾರಿ ನಿಜ. ಬಿಂದುಗಳ ಸಂಖ್ಯೆ ಹೆಚ್ಚಿಸಿದಾಗ ದಾರಿ ಬದಲಾಗಬಾರದು. ಇವೆರಡೂ ಗಣಿತದ ಮಟ್ಟದ ಪರೀಕ್ಷೆಗಳು.

ಆಮೇಲೆ ಭೌತಿಕ ಪರೀಕ್ಷೆ. ಆ ಎತ್ತರದ ಗಾಳಿಯ ಸಾಂದ್ರತೆ ಸೂರ್ಯನ ಚಟುವಟಿಕೆಗೆ ತಕ್ಕಂತೆ ಏರಿಳಿಯುತ್ತದೆ. ಜಡತ್ವದ ಅಂಕಿಯೂ ಕರಾರುವಾಕ್ಕಾಗಿ ತಿಳಿದಿರುವುದಿಲ್ಲ. ಅಂಚಿಗೆ ತಾಗಿಕೊಂಡು ಹೋಗುವ ದಾರಿ ಕಾಗದದ ಮೇಲೆ ಎಷ್ಟೇ ಚೆಂದವಿದ್ದರೂ, ಗಾಳಿ ಸ್ವಲ್ಪ ದಟ್ಟವಾದ ದಿನ ಗೈರೊಗಳನ್ನು ತುಂಬಿಸಿಬಿಡುತ್ತದೆ. ಆದ್ದರಿಂದ ಸಾಲ್ವರಿಗೆ ಗೈರೊಗಳ ಪೂರ್ಣ ಸಾಮರ್ಥ್ಯವನ್ನು ಒಪ್ಪಿಸಬಾರದು. ಕಡಿಮೆ ಮಿತಿ ಹೇಳಿ, ಉಳಿದದ್ದನ್ನು ನಿಯಂತ್ರಕದ ತಿದ್ದುಪಡಿಗಳಿಗೆಂದು ಕಾಯ್ದಿಡಬೇಕು. ಬಳಕೆಯಲ್ಲಿದ್ದ ನಿಯಂತ್ರಕವನ್ನೇ ಉಳಿಸಿಕೊಂಡದ್ದರ ಲಾಭ ಇಲ್ಲಿ ಕಾಣುತ್ತದೆ. ದಾರಿ ಮೊದಲೇ ಬರೆದದ್ದು ನಿಜ, ಆದರೆ ಅದನ್ನು ಹಿಂಬಾಲಿಸುವ ಕೈ ಪ್ರತಿ ಕ್ಷಣ ನೋಡಿ ತಿದ್ದಿಕೊಳ್ಳುತ್ತಿತ್ತು.

ಮೊದಲ ಪ್ರಯೋಗ 2006ರ ನವೆಂಬರ್ 5ರಂದು ನಡೆಯಿತು. 90 ಡಿಗ್ರಿ, 7,200 ಸೆಕೆಂಡು. ಥ್ರಸ್ಟರ್ ಉರಿಯಲಿಲ್ಲ. ನಾಲ್ಕು ತಿಂಗಳ ಬಳಿಕ ಮಾರ್ಚಿನ 180 ಡಿಗ್ರಿ. ಎರಡೂ ಸಲ ಮೂರೇ ಗೈರೊಗಳಿದ್ದವು. ನಾಲ್ಕಿದ್ದರೆ ಇನ್ನಷ್ಟು ಸುಲಭವಾಗುತ್ತಿದ್ದ ಕೆಲಸ ಮೂರರಲ್ಲೇ ಆಯಿತು. ಕೆಟ್ಟ ಗೈರೊವನ್ನು ಬದಲಿಸಿದ್ದು 2007ರ ಆಗಸ್ಟಿನಲ್ಲಿ ಶಟಲ್‌ನಲ್ಲಿ ಹೋದ ಗಗನಯಾತ್ರಿಗಳು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಥ್ರಸ್ಟರಿನಿಂದ ಬೇಗ ಮುಗಿಯುವ ತಿರುವು ಇಲ್ಲಿ ಎರಡು-ಮೂರು ಗಂಟೆ ತೆಗೆದುಕೊಂಡಿತು. ಗುರುತ್ವ ಕೊಡುವ ಟಾರ್ಕ್ ಚಿಕ್ಕದು, ಅದು ಜಮೆಯಾಗಲು ಹೊತ್ತು ಬೇಕು. ಅವಸರದಲ್ಲಿ ಅಡ್ಡ ಬರುವುದರಿಂದ ತಪ್ಪಿಸಿಕೊಳ್ಳಬೇಕಾದ ಸಂದರ್ಭಕ್ಕೆ ಈ ದಾರಿ ಒದಗುವುದಿಲ್ಲ. ಮೊದಲೇ ಗೊತ್ತಿರುವ, ದಿನಚರಿಯಲ್ಲಿ ಜಾಗ ಇರುವ ತಿರುವುಗಳಿಗೆ ಮಾತ್ರ ಇದು. ಪ್ರತಿ ಜೋಡಣೆಗೆ, ಪ್ರತಿ ಜೊತೆ ಭಂಗಿಗೆ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕು.

ಬೇಕಾದದ್ದು ಇಂಧನವಲ್ಲ, ಸಮಯ ಎಂದಾದರೆ? ನಾಸಾದ ಟ್ರೇಸ್ ಉಪಗ್ರಹ ಸೂರ್ಯನನ್ನು ನೋಡುವ ತನ್ನ ಕೆಲಸವನ್ನು 2010ರಲ್ಲಿ ಮುಗಿಸಿದಾಗ ಅದರ ಮೇಲೆ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ತಿರುಗಲು ಅದರಲ್ಲಿದ್ದದ್ದು ರಿಯಾಕ್ಷನ್ ವೀಲ್‌ಗಳು, ಅಂದರೆ ವೇಗ ಬದಲಿಸಿ ಉಪಗ್ರಹವನ್ನು ವಿರುದ್ಧ ದಿಕ್ಕಿಗೆ ತಿರುಗಿಸುವ ಚಕ್ರಗಳು. ಒಂದೇ ಅಕ್ಷದ ಸುತ್ತ ನೇರವಾಗಿ ತಿರುಗಿದರೆ, ಆ ಅಕ್ಷಕ್ಕೆ ಸಿಗುವ ಬಲವಷ್ಟೇ ಬಳಕೆಯಾಗುತ್ತದೆ. ಲೆಕ್ಕ ಹಾಕಿ ತೆಗೆದ ದಾರಿಯಲ್ಲಿ ಉಪಗ್ರಹ ಪಕ್ಕಕ್ಕೆ ಓಲಾಡಿ, ಜಡತ್ವ ಕಡಿಮೆ ಇರುವ, ಚಕ್ರಗಳ ಬಲ ಹೆಚ್ಚು ಸಿಗುವ ದಿಕ್ಕುಗಳನ್ನು ಬಳಸಿಕೊಂಡಿತು. ಹೆಚ್ಚು ಕೋನ ಕ್ರಮಿಸಿಯೂ, ನೇರ ದಾರಿಗಿಂತ ಮೊದಲೇ ತಲುಪಿತು.